ಕೊನೆಯ ಪುಟದಲ್ಲಿ ನಿಂತ ಅಪ್ಪ

ಶಾಲೆ ಶುರುವಾಗುವ ವಾರ ಮಕ್ಕಳಿರುವ ಪ್ರತಿ ಮನೆಯಲ್ಲೂ ಒಂದು ಅಳು ಇರುತ್ತದೆ. ಆ ಬೀದಿಯಲ್ಲೂ ಇತ್ತು. ಹಾಗಾಗಿ ಚಿಕ್ಕ ಮಕ್ಕಳ ತರಗತಿಯ ಟೀಚರು ಒಂದು ಚಿತ್ರಪುಸ್ತಕವನ್ನು ಮನೆಯಿಂದ ಮನೆಗೆ ಕಳಿಸಿದರು. ಅದರಲ್ಲಿ ಒಬ್ಬ ಹುಡುಗಿ ಚೀಲ ಹಾಕಿಕೊಳ್ಳುತ್ತಾಳೆ, ಗೇಟಿನಲ್ಲಿ ಅಳುತ್ತಾಳೆ, ಆಮೇಲೆ ಆಡುತ್ತಾಳೆ. ಬೆಲ್ ಹೊಡೆಯುತ್ತದೆ. ಕೊನೆಯ ಪುಟದಲ್ಲಿ ಗೇಟಿನ ಹೊರಗೆ ಅವಳ ಅಪ್ಪ ಎರಡೂ ಕೈ ಚಾಚಿ ನಿಂತಿದ್ದಾನೆ. ಅಷ್ಟೇ ಕಥೆ.

ಪುಸ್ತಕದ ಹಿಂದೆ ಒಂದು ಹಾಳೆ ಅಂಟಿಸಿತ್ತು. ಓದಿದಾಗ ಮಗು ಏನಂದಿತು ಎಂದು ಮನೆಯವರು ಅದರಲ್ಲಿ ಬರೆಯಬೇಕು.

ಬೇಕರಿ ಮನೆಯವರು ಬರೆದಿದ್ದರು: ‘ಊಟದ ಡಬ್ಬಿ ಮುಚ್ಚಳ ಯಾರು ತೆಗೆದುಕೊಡ್ತಾರೆ ಅಂತ ಕೇಳಿದ.’ ಬಸ್ ಡ್ರೈವರ್ ಮನೆಯದು: ‘ಮೂರನೇ ಪುಟ ಹರಿದಿದ್ದು ನಮ್ಮವಳೇ. ಚಿತ್ರದ ಟೀಚರ ಮೂಗು ಇಷ್ಟವಾಗಲಿಲ್ಲವಂತೆ.’

ಕೆಳಗೆ ಇಸ್ತ್ರಿ ಅಂಗಡಿಯಾಕೆಯ ಸಾಲು: ‘ನಮ್ಮವಳು ಅಳುವುದೇ ಇಲ್ಲ. ಕೊನೆಯ ಪುಟ ಮಾತ್ರ ಓದು ಅನ್ನುತ್ತಾಳೆ. ದಿನಕ್ಕೆ ಹತ್ತು ಸಲ.’

ಹುಟ್ಟಿದಾಗಿನಿಂದ ಅತ್ತೂ ಅತ್ತೂ ‘ಪೀಪಿ’ ಎಂದೇ ಹೆಸರಾದ ಮಗು ಅದು. ಆ ಮನೆಯಲ್ಲಿ ಅಪ್ಪ ಇಲ್ಲವೆಂದು ಟೀಚರಿಗೆ ಗೊತ್ತಿತ್ತು. ಪುಸ್ತಕ ತಿರುಗಿ ಬಂದಾಗ ಆ ಸಾಲನ್ನು ಎರಡು ಸಲ ಓದಿ, ಅದನ್ನು ಹಿಡಿದು ಆ ಮನೆಗೆ ಹೊರಟರು.

ಅಂಗಡಿಯ ಹಿಂದೆಯೇ ಮನೆ. ತಾಯಿ ಯಾರದೋ ಅಂಗಿಯ ಕಾಲರ್ ಉಜ್ಜುತ್ತಿದ್ದಳು.

“ಬನ್ನಿ ಟೀಚರಮ್ಮ,” ಎಂದಳು ಅಜ್ಜಿ. “ನಮ್ಮ ಪೀಪಿ ನಿಮಗೇನೂ ಕಷ್ಟ ಕೊಡಲ್ಲ ಬಿಡಿ. ನಾಳೇನೇ ಕರ್ಕೊಂಡು ಹೋಗಿ ಅಂತಾಳೆ.”

“ಯಾಕೆ ಪುಟ್ಟಾ ಇಷ್ಟು ಅವಸರ?” ಅಜ್ಜಿಯ ಪಕ್ಕದಲ್ಲಿದ್ದ ಮಗುವನ್ನು ಟೀಚರು ಕೇಳಿದರು.

“ಬೆಲ್ ಹೊಡೆದ್ರೆ ಅಪ್ಪ ಬರ್ತಾನೆ,” ಎಂದಳು ಪೀಪಿ.

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೇ ನಿಂತಿತು. ಸುಟ್ಟ ವಾಸನೆ ಬಂತು. ಟೀಚರೇ ಅದನ್ನು ಎತ್ತಿಟ್ಟರು.

ಪೀಪಿಯ ಅಪ್ಪ ಸತ್ತು ಐದು ತಿಂಗಳಾಗಿತ್ತು. ಜ್ವರ ಬಂತು, ಆಸ್ಪತ್ರೆಗೆ ಹೋದ, ಮನೆಗೆ ಬರಲಿಲ್ಲ. ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾನೆ ಎಂದು ಅಜ್ಜಿ ಮಗುವಿಗೆ ಹೇಳಿದ್ದಳು. ತಾಯಿ ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ.

ಮಗುವನ್ನು ಪಕ್ಕದ ಮನೆಗೆ ಆಡಲು ಕಳಿಸಿ ಟೀಚರು ಹೇಳಿದರು: “ನಿಜ ಹೇಳಿಬಿಡಿ. ಶಾಲೆ ಶುರುವಾಗೋ ಮೊದಲೇ.”

“ನಾಲ್ಕು ವರ್ಷದ ಕೂಸಿಗಾ?” ಅಜ್ಜಿ ರೇಗಿದಳು. “ನಿಮ್ಮದೇನು ಎದೆಯೋ ಬಂಡೆಯೋ?”

“ನೀವು ಹೇಳದಿದ್ರೆ ಗೇಟು ಹೇಳುತ್ತೆ ಅಜ್ಜಿ. ಎಲ್ಲರ ಅಪ್ಪಂದಿರೂ ಬರ್ತಾರೆ, ಇವಳಪ್ಪ ಮಾತ್ರ ಬರಲ್ಲ. ನನ್ನಪ್ಪಂಗೆ ನಾನು ಬೇಡ ಅಂದ್ಕೋತಾಳೆ. ಏನು ತಪ್ಪು ಮಾಡಿದೆ ಅಂತ ಹುಡುಕ್ತಾ ಕೂರ್ತಾಳೆ.”

ಅಜ್ಜಿ ಸುಟ್ಟ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. “ನನ್ನ ಬಾಯಲ್ಲಿ ಆ ಮಾತು ಬರಲ್ಲ ಕಣಮ್ಮ. ನಾನು ಹೆತ್ತವನು ಅವನು.”

“ನಾನು ಹೇಳ್ತೀನಿ ಅತ್ತೆ,” ಎಂದಳು ತಾಯಿ. “ಹೇಗೆ ಹೇಳೋದು ಟೀಚರ್?”

“ಸತ್ತುಹೋದ ಅಂತಲೇ ಹೇಳಿ. ಮಲಗಿದ್ದಾನೆ ಅಂದ್ರೆ ನಿದ್ದೆಗೆ ಹೆದರ್ತಾಳೆ. ಊರಿಗೆ ಹೋದ ಅಂದ್ರೆ ನೀವು ಹೊಸಿಲು ದಾಟಿದ್ರೂ ಹೆದರ್ತಾಳೆ. ಗೇಟಿಗೆ ಯಾರು ಬರ್ತೀರೋ ಅದನ್ನೂ ಹೇಳಿ. ಕೇಳಿದಷ್ಟು ಸಲ ಹೇಳಿ.”

ಪುಸ್ತಕವನ್ನು ಅಲ್ಲೇ ಬಿಟ್ಟು ಟೀಚರು ಹೋದರು. ಸಂಜೆ ಬಟ್ಟೆ ಮಡಚುತ್ತಾ ತಾಯಿ ಹೇಳಿದಳು.

“ಅಪ್ಪ ಸತ್ತುಹೋದ ಮಗಾ. ಕಾಯಿಲೆ ಜೋರಾಗಿತ್ತು. ನಿನ್ನ ತಪ್ಪೇನೂ ಇಲ್ಲ. ಅವನು ಇನ್ನು ಬರಲ್ಲ.”

“ನಾಳೆ?”

“ನಾಳೇನೂ ಬರಲ್ಲ.”

“ಬೆಲ್ ಹೊಡೆದಾಗ?”

“ಆಗಲೂ ಇಲ್ಲ. ಆಗ ನಾನು ಬರ್ತೀನಿ.”

ಪೀಪಿ ಯೋಚಿಸಿದಳು. “ನೀನು ಬೇಡ,” ಎಂದಳು.

ಶಾಲೆಯ ಮೊದಲ ದಿನ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ. ಬೆಲ್ ಹೊಡೆದಾಗ ಗೇಟಿನ ಹೊರಗೆ ತಾಯಿ ನಿಂತಿದ್ದಳು. ಪೀಪಿ ಅಮ್ಮನನ್ನು ನೋಡಿದಳು. ಅಮ್ಮನ ಹಿಂದೆಯೂ ನೋಡಿದಳು. ಆಮೇಲೆ ಬಂದು ಕೈ ಹಿಡಿದಳು.

ಮನೆಯಲ್ಲಿ ಅಜ್ಜಿಯನ್ನು ಕೇಳಿದಳು: “ಅಪ್ಪ ಎಲ್ಲಿ?”

“ಸತ್ತುಹೋದ ಮಗಾ,” ಎಂದಳು ಅಜ್ಜಿ. ಐದು ತಿಂಗಳಲ್ಲಿ ಮೊದಲ ಸಲ.

ಆ ಹಾಳೆಯಲ್ಲಿ ಈಗ ಅದೇ ಮನೆಯ ಇನ್ನೊಂದು ಸಾಲಿದೆ: ‘ಕೊನೆಯ ಪುಟ ಬಂದರೆ ಮುಚ್ಚಿಬಿಡುತ್ತಾಳೆ. ಅಳುತ್ತಾಳೆ. ಶಾಲೆಗೆ ಹೋಗುತ್ತಾಳೆ.’

ನಿಮ್ಮ ಮನೆಯಲ್ಲೂ ಯಾರಾದರೂ ತೀರಿಕೊಂಡಿದ್ದು, ಮಗುವಿಗೆ ಬೇರೇನೋ ಹೇಳಿದ್ದರೆ, ಶಾಲೆಯ ಮೊದಲ ದಿನಕ್ಕೆ ಮುಂಚೆ ನಿಜ ಹೇಳಿ. ಮಗುವಿನ ಟೀಚರಿಗೂ ತಿಳಿಸಿ. ನೋವು ಕಡಿಮೆಯಾಗುತ್ತದೆ ಎಂದು ನಾವು ಮಾತು ಕೊಡಲಾರೆವು. ಬಾರದವರ ದಾರಿ ಕಾಯುವುದು ಮಾತ್ರ ಮಗುವಿಗೆ ತಪ್ಪುತ್ತದೆ. ‘ಗೇಟಿಗೆ ನಾನು ಬರುತ್ತೇನೆ’ ಎಂದು ಮಗುವಿಗೆ ಹೇಳಿದ ಮೇಲೆ, ಬೆಲ್ ಹೊಡೆಯುವ ಮುಂಚೆಯೇ ಗೇಟಿನ ಬಳಿ ಇರಿ.