ಮೇಷ್ಟ್ರು ಮಾಡಿದ ಚೌಕಟ್ಟು

ಹಾಳುಬಿದ್ದ ನೂಲಿನ ಗಿರಣಿಯೊಂದರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿಗೆ ಅರವತ್ತು ತುಂಬಿತ್ತು. ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಫೋಟೊ ಹಾಕಿಸುವ ಕೆಲಸ ಸಿವಿಲ್ ವಿಭಾಗದ ಮುಖ್ಯಸ್ಥೆಯ ಪಾಲಿಗೆ ಬಂತು. ಅಣೆಕಟ್ಟು ಕಟ್ಟಿದವರು, ಕಾರ್ಖಾನೆ ತೆರೆದವರು, ಮಂತ್ರಿಯಾದವರು ಎಂದು ಸಭಾಂಗಣದ ಗೋಡೆ ತುಂಬಿಹೋಯಿತು. ಆಮೇಲೆ ಸಮಿತಿಯವರು, "ನಿಮ್ಮದೂ ಇರಲಿ ಮೇಡಂ" ಎಂದರು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೊದಲ ತಂಡದಲ್ಲಿ ಓದಿ, ಅಲ್ಲೇ ಸರ್ವೇ ಪಾಠ ಹೇಳಿದ ಮೇಷ್ಟ್ರ ಹಳೆಯ ಫೋಟೊ ಅದೇ ಗೋಡೆಯ ಮೇಲೆ ಮಾಸಿಹೋಗಿತ್ತು. ಅವರು ಎಂದೋ ತೀರಿಕೊಂಡಿರಬೇಕೆಂದು ತನಗೆ ತಾನೇ ಹೇಳಿಕೊಂಡು, ಯಾರನ್ನೂ ವಿಚಾರಿಸದೆ, ಅದನ್ನು ಇಳಿಸಲು ಹೇಳಿದಳು.

ಸಮಾರಂಭದ ಬೆಳಿಗ್ಗೆ ಮೇಷ್ಟ್ರು ಮೊಮ್ಮಗಳ ಕೈ ಹಿಡಿದು ಬಂದೇಬಿಟ್ಟರು.

ಅವಳು ಇಲ್ಲಿ ಓದುವ ಕಾಲಕ್ಕೆ, ಹುಡುಗಿಯರಿಗೆ ಸರ್ವೇ ಕ್ಯಾಂಪ್ ಬೇಡ ಎಂದು ಆಗಿನ ಪ್ರಿನ್ಸಿಪಾಲರು ಹಟ ಹಿಡಿದಾಗ, "ಹಾಗಾದ್ರೆ ನಾನೂ ಹೋಗಲ್ಲ" ಎಂದು ಅವಳಿಗಾಗಿ ಪಟ್ಟು ಹಿಡಿದು ಕೂತವರು ಇವರು.

"ಚೆನ್ನಾಗಿದ್ದೀಯೇನಮ್ಮ? ಇವಳಿಗೆ ನನ್ನ ಫೋಟೊ ತೋರಿಸ್ಬೇಕಿತ್ತು. ಎಲ್ಲಿ, ಕಾಣ್ತಿಲ್ವಲ್ಲ?"

"ಗಾಜು ಒಡೆದಿತ್ತು ಸರ್... ರಿಪೇರಿಗೆ ಕಳಿಸಿದ್ದೀವಿ." ಬಾಯಿಗೆ ಬಂದದ್ದನ್ನು ಒದರಿದಳು.

"ಓಹೋ" ಎಂದು ಮೇಷ್ಟ್ರು ಗೋಡೆಗುಂಟ ನಡೆದು ಅವಳ ಫೋಟೊದ ಮುಂದೆ ನಿಂತರು. ಚೌಕಟ್ಟಿನ ಮೂಲೆಯ ಮೇಲೆ ಬೆರಳಾಡಿಸಿದರು.

"ಇದು ನಾನು ಓದುವಾಗ ಮಾಡಿದ್ದು ಪುಟ್ಟಿ. ಗಿರಣಿಯ ಹಳೇ ಮರದಲ್ಲಿ ನಮ್ಮ ಬೆಂಚೂ ನಾವೇ ಮಾಡ್ಕೋತಿದ್ವಿ. ನೋಡು, ಒಂದು ಮೊಳೆ ಇಲ್ಲ. ನನ್ನ ಫೋಟೊ ಇದರಲ್ಲೇ ಇತ್ತು."

"ಮತ್ತೆ ಇವರದ್ಯಾಕಿದೆ ತಾತ?"

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಆ ಹಳೆಯ ಚೌಕಟ್ಟಿಗೇ ಅಟೆಂಡರು ಅವಳ ಫೋಟೊ ಕೂರಿಸಿದ್ದನ್ನು ಅವಳೂ ಗಮನಿಸಿರಲಿಲ್ಲ.

"ನನ್ನ ಶಿಷ್ಯೆ ಅಲ್ವಾ" ಎಂದರು ಮೇಷ್ಟ್ರು, ಅವಳ ಕಡೆ ತಿರುಗದೆ. "ಗಟ್ಟಿಯಾಗಿದೆ. ಇವಳಿಗೂ ಬಾಳಿಕೆ ಬರುತ್ತೆ."

ಕಾಲೇಜಿನ ಚರಿತ್ರೆ ಹೇಳಲು ಅವಳು ವೇದಿಕೆ ಹತ್ತಿದಳು. ಹತ್ತಿದ ಏಣಿಯನ್ನೇ ಒದ್ದವಳು ಯಾವ ಚರಿತ್ರೆ ಹೇಳುವುದು? ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ ಎಂದು ಮುಂದಿನ ಸಾಲು ನೋಡಿದಳು. ಮೇಷ್ಟ್ರ ಕುರ್ಚಿ ಖಾಲಿಯಿತ್ತು. ಬರೆದುಕೊಂಡದ್ದನ್ನೇ ಓದಿದಳು. ಚಪ್ಪಾಳೆ ಬಿತ್ತು.

ಸಂಜೆ ತನ್ನ ಫೋಟೊ ಕಿತ್ತು, ಮೇಷ್ಟ್ರದ್ದನ್ನು ತಾನೇ ಕೂರಿಸಿ ಫೋನ್ ಮಾಡಿದಳು.

"ಸರ್, ಗಾಜು ಒಡೆದಿರಲಿಲ್ಲ. ಫೋಟೊ ತೆಗೆಸಿದ್ದು ನಾನೇ. ಈಗ ಮತ್ತೆ ಹಾಕಿದ್ದೀನಿ."

"ಗೊತ್ತಾಯ್ತಮ್ಮ, ಬಿಡು."

"ಪುಟ್ಟೀನ ಕರ್ಕೊಂಡು ಬನ್ನಿ ಸರ್."

"ನೋಡೋಣ" ಎಂದರು.

ಮೇಷ್ಟ್ರು ಮತ್ತೆ ಆ ಕಡೆ ಸುಳಿಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದಳೇನೋ; ಆ "ನೋಡೋಣ" ಅವಳನ್ನು ಬಿಡಲಿಲ್ಲ.