ಸಿಳ್ಳೆ ನಿಂತ ಮಧ್ಯಾಹ್ನ

ನನ್ನ ಗಂಡನ ಎದೆಯೊಳಗಿನ ಸಿಳ್ಳೆ ನಿಂತಾಗ ಅತ್ತೆ ಮೇಲೆ ನೋಡಿ ಕೈಮುಗಿದರು. "ಎಣ್ಣೆ ಹಿಡೀತು ನೋಡು," ಅಂದರು. ನಾನು ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದೆ.

ನನ್ನ ಗಂಡ ಬಡಗಿ. ಮರದ ಹುಡಿ ಆಗದ ಮೈ, ಹುಡಿಯ ನಡುವೆಯೇ ಬದುಕು. "ನೀನು ಎರಡನೇ ಹೆಂಡ್ತಿ ಕಣೇ, ಮೊದಲನೆಯವಳು ಉಬ್ಬಸ" ಎಂದು ಚುಡಾಯಿಸುತ್ತಿದ್ದರು. ಆ ಸವತಿಯನ್ನು ಪಳಗಿಸುವ ವಿದ್ಯೆ ಅತ್ತೆಯದು. ಅವರ ಅಣ್ಣ ಆಯುರ್ವೇದದ ವೈದ್ಯರು, ಅಣ್ಣನ ಮಾತೆಂದರೆ ಅತ್ತೆಗೆ ವೇದವಾಕ್ಯ. ಬೆಳಿಗ್ಗೆ ಜೇನಿನಲ್ಲಿ ಹಿಪ್ಪಲಿ ಪುಡಿ, ಸಂಜೆ ಆಡುಸೋಗೆ ಕಷಾಯ. ಎದೆ ಬಿಗಿದರೆ ಸೈಂಧವ ಉಪ್ಪು ಹಾಕಿ ಬಿಸಿ ಮಾಡಿದ ಎಳ್ಳೆಣ್ಣೆ ತಿಕ್ಕಿ, ಹಬೆ ಕೊಟ್ಟು, ಬೆವರು ಆರುವವರೆಗೂ ಗಾಳಿ ಸೋಕದಂತೆ ಬಾಗಿಲು ಹಾಕುವುದು. ಸುಳ್ಳೇಕೆ ಹೇಳಲಿ, ಎಷ್ಟೋ ಸಲ ನನ್ನ ಗಂಡನಿಗೆ ಅದರಿಂದ ಹಾಯೆನಿಸಿದೆ.

ಅಂದು ಮಧ್ಯಾಹ್ನ ಏದುಸಿರು ಬಿಡುತ್ತಲೇ ಮನೆಗೆ ಬಂದರು. ಉಬ್ಬಸಕ್ಕೆ ಡಾಕ್ಟರು ಕೊಟ್ಟಿದ್ದ ಇನ್‌ಹೇಲರ್ ಪಂಪು ಖಾಲಿಯಾಗಿತ್ತು. ಹೊಸದು ತರಲು ಓಡಿದೆ, ಔಷಧಿ ಅಂಗಡಿಗೆ ಬೀಗ. ಬರಿಗೈಯಲ್ಲಿ ವಾಪಸು ಬರುವಷ್ಟರಲ್ಲಿ ಅತ್ತೆ ಎಣ್ಣೆ ತಿಕ್ಕಿ, ಹಬೆ ಕೊಟ್ಟು ಮುಗಿಸಿ, ಕಿಟಕಿ ಮುಚ್ಚಿ, ನನ್ನನ್ನೂ ಒಳಗೆಳೆದುಕೊಂಡು ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದರು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು.

ನನ್ನ ಗಂಡ ಮಂಚದ ಅಂಚಿನಲ್ಲಿ ಮೊಣಕಾಲಿಗೆ ಕೈಯೂರಿ ಕೂತಿದ್ದರು. ಭುಜಗಳು ಏರಿ ಇಳಿಯುತ್ತಿದ್ದವು, ಸದ್ದಿಲ್ಲ. "ಹೇಗಿದೆ ರೀ ನನ್ನ ಸವತಿ?" ಎಂದೆ. ಸುಮ್ಮನೆ ನೋಡಿದರು. ಹೆಣದ ಮನೆಯಲ್ಲೂ ನಗಿಸುವ ಗಂಡಸು ಅದು. ವೈದ್ಯಮಾವನಿಗೆ ಫೋನ್ ಮಾಡಿದೆ.

"ಮಾವ, ಸಿಳ್ಳೆ ನಿಂತಿದೆ."

"ಮಾತಾಡ್ತಾನಾ?"

"ಇಲ್ಲ."

"ತುಟಿ ನೋಡು."

ನೋಡಿದೆ. ನೇರಳೆಹಣ್ಣು ತಿಂದವರ ಹಾಗಿತ್ತು.

"ಅಯ್ಯೋ, ಅದು ವಾಸಿಯಾಗಿದ್ದಲ್ಲಮ್ಮ! ಸದ್ದು ಮಾಡೋಕೂ ಒಳಗೆ ಗಾಳಿ ಆಡ್ಬೇಕಲ್ಲ! ನನ್ನ ಔಷಧಿ ಏನೂ ಕೊಡ್ಬೇಡಿ. ಆಂಬುಲೆನ್ಸ್ ಕರಿ, ಬಾಗಿಲು ತೆಗಿ!"

ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಮೈ ಇನ್ನೂ ಬೆವರ್ತಿದೆ! ಈಗ ಗಾಳಿ ಸೋಕಿದ್ರೆ ನನ್ನ ಮಗ ಉಳೀತಾನಾ?"

"ನೀವು ಜರುಗದಿದ್ರೆ ತಳ್ತೀನಿ ಅತ್ತೆ," ಎಂದೆ. ತಳ್ಳುತ್ತಲೂ ಇದ್ದೆ. ಕೊನೆಗೆ ಫೋನನ್ನೇ ಅವರ ಕಿವಿಗೆ ಒತ್ತಿದೆ. ಅಣ್ಣನ ಕೂಗು ಕೇಳಿ ಅವರ ಮುಖದ ಬಣ್ಣ ಹೋಯಿತು. ಕುಸಿದು ಕೂತು, ತುರುಕಿದ ಸೀರೆಯನ್ನು ತಾವೇ ಎರಡೂ ಕೈಯಲ್ಲಿ ಎಳೆದರು.

ಆಂಬುಲೆನ್ಸ್ ಆಸ್ಪತ್ರೆ ಮುಟ್ಟಿದೊಡನೆ ನನ್ನ ಗಂಡನನ್ನು ಒಳಗೆ ಕರೆದೊಯ್ದರು. "ಈಗಲೇ ಏನೂ ಹೇಳೋಕಾಗಲ್ಲ," ಎಂದ ಡಾಕ್ಟರಮ್ಮ ನಮ್ಮ ಮುಖ ನೋಡಲಿಲ್ಲ. ಬೆಂಚಿನ ಆ ತುದಿಯಲ್ಲಿ ಅತ್ತೆ, ಎಣ್ಣೆಗೈ ತೊಳೆಯದೆ. ಈ ತುದಿಯಲ್ಲಿ ನಾನು, ಭಯವನ್ನು ಸಿಟ್ಟು ಮಾಡಿಕೊಂಡು. ಅತ್ತೆಗೆ ಏನೇನು ಅನ್ನಬೇಕೆಂದು ಒಂದೊಂದೇ ಮಾತು ಮಸೆಯುತ್ತಿದ್ದೆ. ಮಸೆಯದಿದ್ದರೆ ಕಿರುಚಿಬಿಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಒಳಗೆ ಬಿಟ್ಟರು. ತುಟಿಗೆ ಬಣ್ಣ ಬಂದಿತ್ತು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ಗೊತ್ತಾಗಿರಬೇಕು, ಮೂಗಿನ ಮೇಲಿನ ಮಾಸ್ಕ್ ಸ್ವಲ್ಪ ಸರಿಸಿದರು.

"ಅಮ್ಮಂಗೆ ಬೈಬೇಡ ಕಣೇ," ಎಂದರು. "ಸಿಳ್ಳೆ ನಿಂತ ಮೇಲೆ ನಂಗೂ ಹಾಯಾಗಿತ್ತು. ಒಳ್ಳೇ ನಿದ್ದೆ ಬರ್ತಿತ್ತು. ವಾಸಿಯಾಯ್ತು ಅಂತಾನೇ ಅಂದ್ಕೊಂಡೆ."

ಆ ನಿದ್ದೆಯ ಮಾತಿಗೆ ಹೆದರಿದಷ್ಟು ನಾನು ಅವತ್ತು ಬೇರೆ ಯಾವುದಕ್ಕೂ ಹೆದರಿರಲಿಲ್ಲ.