ಇಳಿಸಿದ ಹ್ಯಾಂಡಲ್

ಸೈಕಲ್ಲಿನ ಹ್ಯಾಂಡಲ್ ಎತ್ತರವಾಗಿ ಮೈತ್ರೇಯಿಗೆ ಭುಜ ನೋಯುತ್ತಿತ್ತು. ಆಯುಧಪೂಜೆ ಮುಗಿದ ಮೇಲೆ ಗಂಡ ಶ್ರೀಹರಿ ಅದನ್ನು ಎರಡು ಬೆರಳಿನಷ್ಟು ಇಳಿಸಿ ಬಿಗಿ ಮಾಡಿದ. ಹ್ಯಾಂಡಲ್ ಇಳಿದರೆ ಅದಕ್ಕೆ ಕೂಡಿಸಿದ ಬ್ರೇಕಿನ ಕಡ್ಡಿಗಳೂ ಸಡಿಲವಾಗುತ್ತವೆ. ಅದು ಅವನ ತಲೆಗೆ ಹೊಳೆಯಲಿಲ್ಲ.

“ಬ್ರೇಕ್ ನೋಡಿದ್ರಾ?”

“ಪೂಜೆ ಆಗಿರೋ ಗಾಡಿ ಕಣೇ. ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡು ಹೊರಡು.”

ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಗವಿಪುರದ ಇಳಿಜಾರಿನಲ್ಲಿ ಸೈಕಲ್ ವೇಗ ಹಿಡಿಯಿತು.

“ರೀ, ಬ್ರೇಕ್ ಹಿಡೀತಿಲ್ಲ!”

ಶ್ರೀಹರಿ ಕೈಲಿದ್ದ ಸ್ಪ್ಯಾನರ್ ಸಮೇತ ಹಿಂದೆಯೇ ಓಡಿದ. ಕೆಳಗಿನ ತಿರುವಿನಲ್ಲಿ ಬಸ್ಸು ಬರುತ್ತಿತ್ತು.

“ಎಡಕ್ಕೆ! ಮರಳಿಗೆ ನುಗ್ಸು!”

ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನಲ್ಲಿ ಚಕ್ರ ಹೂತು, ಅವಳು ಉರುಳಿಬಿದ್ದಳು. ಬಸ್ಸು ಹಾದುಹೋಯಿತು.

ಶ್ರೀಹರಿ ಕೈ ಚಾಚಿದ.

ಮೈತ್ರೇಯಿ ಬಾಯಿಂದ ಮರಳು ಉಗಿದಳು. “ಭುಜವೇನೋ ನೋಯ್ಲಿಲ್ಲ. ಸ್ಪ್ಯಾನರ್ ಇಲ್ಲಿ ಕೊಡಿ, ಬ್ರೇಕ್ ನಾನೇ ಬಿಗಿ ಮಾಡ್ಕೋತೀನಿ.”